ಕೈ ತಾ!

ನಾವು ಗಂಡಹೆಂಡತಿ ಲಕ್ಷದ್ವೀಪಕ್ಕೆ ಹೊರಟಿದ್ದೇವೆಂದು ಜಂಬದಿಂದ ಹೇಳಿದಾಗ ಪಕ್ಕದ ಮನೆಯ ಯಜಮಾನರು ಒಂದು ಕ್ಷಣ ಯೋಚಿಸಿ, "ಕಾರ್ತಿಕ ಮುಗಿದು ಯಾವ ಕಾಲವಾಯಿತು, ಈಗೆಲ್ಲಿಯ ಲಕ್ಷದೀಪ? ಧರ್ಮಸ್ಥಳಕ್ಕೆ ಹೋಗೋದೇ ಆದರೆ ಹಾಗೇ ಹೋಗಿಬನ್ನಿ, ದರ್ಶನವಾದರೂ ಬೇಗ ಆಗುತ್ತೆ" ಎಂದರು. ದೀಪವಲ್ಲ ಸ್ವಾಮಿ ದ್ವೀಪ, ಅರಬ್ಬೀ ಸಮುದ್ರದ ನಡುಮಧ್ಯೆ ಇರುವಂಥದ್ದು ಎಂದು ಬಿಡಿಸಿ ಹೇಳಿದ ಮೇಲೆ, "ಅಲ್ಲಿ ನಿಜವಾಗ್ಲೂ ಲಕ್ಷ ಇದೆಯಾ?" ಎಂದು ಕೇಳಿದರು. ಇಲ್ಲ. ಲೆಕ್ಕಕ್ಕೆ ಸಿಗುವುದು 36, ಅದರಲ್ಲಿ ಮನುಷ್ಯರು ಸಂಸಾರ ಹೂಡಿರುವುದು 10ರಲ್ಲಿ ಮಾತ್ರ. ನನ್ನ ಹೆಂಡತಿ "ಲಕ್ಷ ಸಲ ಹೇಳಿದ್ದೀನಿ ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕಬೇಡಿ ಅಂತ" ಎನ್ನುವಾಗಲೂ ನಿಜಸಂಖ್ಯೆ ಸುಮಾರು ಇಷ್ಟೇ ಇರಬಹುದೆಂದು ನನಗೆ ಆಗ ಹೊಳೆಯಿತು. ಹೇಳಲಿಲ್ಲ.

ಅಲ್ಲಿಗೆ ಸುಮ್ಮನೆ ಹೋಗಿ ಇಳಿಯುವಂತಿಲ್ಲ, ಪರವಾನಗಿ ಬೇಕು. ಪರವಾನಗಿಗೆ, ಈ ಮನುಷ್ಯನ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರ ಪತ್ರ ಬೇಕು. ಠಾಣೆಯ ಮೆಟ್ಟಿಲು ಹತ್ತದಿರುವುದೇ ಸಂಭಾವಿತನ ಲಕ್ಷಣವೆಂದು ನಂಬಿಕೊಂಡು ಬಂದ ನಾನು, ಸಂಭಾವಿತನೆಂದು ರುಜುವಾತು ಮಾಡಲಿಕ್ಕೆ ಮೂರು ಸಲ ಆ ಮೆಟ್ಟಿಲು ಹತ್ತಿದೆ. ಪತ್ರ ಕೈಗೆ ಬಂದಾಗ ನನ್ನಾಕೆ ಅದನ್ನು ಎರಡು ಸಲ ಓದಿ, "ಪರವಾಗಿಲ್ಲ, ಅವರಿಗೆ ಪೂರ್ತಿ ಗೊತ್ತಿಲ್ಲ" ಎಂದು ಬೀರುವಿನಲ್ಲಿಟ್ಟಳು.

ಹಾಗೆ ಜನವರಿಯ ಒಂದು ಮಧ್ಯಾಹ್ನ ಕೊಚ್ಚಿಯಲ್ಲಿ ಮೂವತ್ತು ಮಂದಿ ಕನ್ನಡಿಗರು ಹಡಗು ಹತ್ತಿದೆವು. ನಮ್ಮ ಮುಂದೆ ಕೇಸರಿ ಬಾವುಟ ಹಿಡಿದ ಟೂರ್ ಮ್ಯಾನೇಜರ್ ಹುಡುಗ. ಹಿಂದೆ, ಜಗತ್ತಿನಲ್ಲಿ ಎಲ್ಲಿಗೆ ಹೋದರೂ ಕನ್ನಡಿಗನ ಬೆನ್ನು ಬಿಡದ ಕೋಡುಬಳೆ, ಚಟ್ನಿಪುಡಿ, ಹುರಿಯಕ್ಕಿ ಉಂಡೆಗಳ ಡಬ್ಬಿಗಳು. ಹೆಂಗಸರು ಕರಾವಳಿ ಕಣ್ಮರೆಯಾಗುವ ಮೊದಲೇ ಪರಸ್ಪರರ ಸೊಸೆಯಂದಿರ ಗುಣಸ್ವಭಾವ ತಿಳಿದುಕೊಂಡಿದ್ದರು. ಗಂಡಸರು ಪೆನ್ಷನ್ನಿನ ವಿಷಯ ಎತ್ತಿದರು. ರಾತ್ರಿ ಹಡಗು ತೊಟ್ಟಿಲಾಯಿತು. ತೊಟ್ಟಿಲು ಹೊರಗೆ ನಿಂತು ತೂಗುವವರಿಗೆ ಚೆಂದ ಎಂಬ ಸತ್ಯ ಆಗ ತಿಳಿಯಿತು. ಮ್ಯಾನೇಜರ್ ಹುಡುಗ ವಾಂತಿ ನಿಲ್ಲಿಸುವ ಗುಳಿಗೆ ಹಂಚುತ್ತ ಬಂದಾಗ, "ನನಗೆ ಬೇಡಪ್ಪ, ನಾನು ನೀರಲ್ಲೇ ಬೆಳೆದವನು" ಎಂದುಬಿಟ್ಟೆ.

ಈ ಮಾತಿಗೆ ಆಧಾರವಿಲ್ಲದಿಲ್ಲ. ನನಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗ ನಮ್ಮೂರ ಕೆರೆಯಲ್ಲಿ ನಾನೊಬ್ಬ ನೌಕಾಧಿಪತಿ. ನಾಲ್ಕು ಬಾಳೆದಿಂಡು, ಅವನ್ನು ಬಿಗಿಯಲು ಬಾಳೆನಾರು, ಹುಟ್ಟಿಗೆ ಅಡಿಕೆ ದಬ್ಬೆ: ಇಷ್ಟೇ ನೌಕೆ. ಸಮುದ್ರೋಲ್ಲಂಘನ ಮಾಡಿದವರಿಗೆ ಪ್ರಾಯಶ್ಚಿತ್ತವಾಗಬೇಕೆಂದು ಹೇಳುತ್ತಿದ್ದ ಅಜ್ಜಿ, ಕೆರೆಗೂ ಅದೇ ಕಾನೂನು ಅನ್ವಯಿಸುತ್ತಿದ್ದಳು. ಆದ್ದರಿಂದ ಅವಳು ಮಧ್ಯಾಹ್ನ ಕಣ್ಣು ಮುಚ್ಚಿದ ಮೇಲೆಯೇ ನನ್ನ ದಿಗ್ವಿಜಯ. ಒಂದು ದಿನ ಕೆರೆಯ ನಡುವೆ ನಾರು ಸಡಿಲಿ ನಾಲ್ಕು ದಿಂಡುಗಳೂ ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ನಾಲ್ಕು ದಿಕ್ಕಿಗೆ ಹೋದವು. ವೈತರಣಿ ದಾಟುವವನು ಗೋವಿನ ಬಾಲ ಹಿಡಿಯಬೇಕೆಂದು ಪುರಾಣ. ನನ್ನ ಪುಣ್ಯದ ಅಳತೆಗೆ ಸಿಕ್ಕಿದ್ದು ಮೈ ತಣಿಸಲು ಇಳಿದಿದ್ದ ಎಮ್ಮೆಯ ಬಾಲ. ಅದು ತಿರುಗಿ ಕೂಡ ನೋಡದೆ ನನ್ನನ್ನು ದಡಕ್ಕೆ ಎಳೆದು ತಂದಿತು. ಈ ಉತ್ತರಾರ್ಧವನ್ನು ನಾನು ಮ್ಯಾನೇಜರಿಗೆ ಹೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಅವನ ಬಾಗಿಲು ತಟ್ಟಿ ಗುಳಿಗೆ ಕೇಳಿದಾಗಲೂ ಅದು ನನ್ನ ಹೆಂಡತಿಗೆ ಬೇಕು ಎಂದೆ. ಅವಳು ಗೊರಕೆ ಹೊಡೆಯುತ್ತಿದ್ದಳು.

ಬೆಳಗ್ಗೆ ಕಲ್ಪೇನಿ. ದ್ವೀಪ ಕಾಣುತ್ತದೆ, ಹಡಗು ನಿಂತಿದೆ, ಆದರೆ ಇಬ್ಬರ ನಡುವೆ ಮಾತುಕತೆಯಿಲ್ಲ. ಈ ದ್ವೀಪಗಳೆಲ್ಲ ಹವಳದ ಹುಳುಗಳು ಕಟ್ಟಿದ ಸಂಸಾರ. ಸುತ್ತ ಹವಳದ ದಿಬ್ಬದ ಕಾಂಪೌಂಡು, ಒಳಗೆ ಮೊಳಕಾಲುದ್ದದಿಂದ ಹಿಡಿದು ಆಳುದ್ದದ ತಿಳಿನೀರು. ದೊಡ್ಡ ಹಡಗು ಕಾಂಪೌಂಡಿನ ಹೊರಗೇ ನಿಲ್ಲಬೇಕು. ಅದರ ಪಕ್ಕೆಯಲ್ಲೊಂದು ಬಾಗಿಲು ತೆರೆಯುತ್ತಾರೆ, ಅದರಾಚೆ ಒಂದು ದೋಣಿ ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಎಂದದ್ದು ತಪ್ಪು. ಅದು ಒಮ್ಮೆ ನಮ್ಮ ಎದೆಮಟ್ಟಕ್ಕೆ ಬರುತ್ತದೆ, ಮರುಕ್ಷಣ ಪಾತಾಳದಲ್ಲಿರುತ್ತದೆ. ಈ ಎರಡು ಲೋಕಗಳ ನಡುವೆ ಯಾವುದೋ ಒಂದು ಶುಭಮುಹೂರ್ತದಲ್ಲಿ ದೋಣಿ ಬಾಗಿಲ ಸಮಕ್ಕೆ ಬರುತ್ತದಲ್ಲ, ಆಗ ಕಾಲಿಡಬೇಕು. ಕೆಳಗೆ ನಿಂತ ದ್ವೀಪದ ತರುಣರು ತೋಳು ಚಾಚಿ ಮಲಯಾಳದಲ್ಲಿ "ಕೈ ತಾ! ಕೈ ತಾ!" ಎಂದು ಕೂಗುತ್ತಾರೆ. ಅವರ 'ತಾ' ಎಂದರೆ ಕೊಡು. ನಮ್ಮ 'ತಾ' ಎಂದರೆ ಎಲ್ಲಿಂದಲೋ ತೆಗೆದುಕೊಂಡು ಬಾ. ಕೈಯನ್ನೇನು ಕ್ಯಾಬಿನ್ನಿನಲ್ಲಿ ಮರೆತು ಬಂದಿದ್ದೇನೆಯೇ? ಕನ್ನಡಕ್ಕೆ ತಿರುಗಿಸಿಕೊಂಡರೂ ಧೈರ್ಯ ಬರುವಂತಿರಲಿಲ್ಲ, ನಮ್ಮಲ್ಲಿ ಕೈ ಕೊಡುವುದೆಂದರೆ ನಡುನೀರಿನಲ್ಲಿ ಬಿಟ್ಟುಹೋಗುವುದು.

ಈ ಭಾಷಾಶಾಸ್ತ್ರದಲ್ಲಿ ನಾನು ತೊಡಗಿದ್ದಾಗ, 34 ವರ್ಷಗಳ ಹಿಂದೆ ಅಗ್ನಿಸಾಕ್ಷಿಯಾಗಿ ನಾನು ಪಾಣಿಗ್ರಹಣ ಮಾಡಿದ ಹೆಣ್ಣು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅಪರಿಚಿತ ತರುಣನಿಗೆ ತನ್ನ ಪಾಣಿಯನ್ನು ಕೊಟ್ಟು, ಅಡುಗೆಮನೆ ಹೊಸ್ತಿಲು ದಾಟಿದಷ್ಟು ಸಲೀಸಾಗಿ ದೋಣಿಗಿಳಿದು ಕೂತಳು. ನಾನು ಮೂರು ಮುಹೂರ್ತ ತಪ್ಪಿಸಿದೆ. ನಾಲ್ಕನೆಯದಕ್ಕೆ ಇಬ್ಬರು ನನ್ನ ರಟ್ಟೆ ಹಿಡಿದು ಅಕ್ಕಿಮೂಟೆ ಇಳಿಸಿದಂತೆ ಇಳಿಸಿದರು. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮೊದಲು ತಟ್ಟಿದ್ದು ಯಾರೆಂದು ಹೇಳಬೇಕಾಗಿಲ್ಲ.

ದಿಬ್ಬದ ಸಂದಿ ದಾಟಿ ಒಳಗೆ ಬಂದರೆ ಸಮುದ್ರ ಬೇರೆಯೇ. ತಳದಲ್ಲಿ ಬಿಳಿ ಹವಳದ ಮರಳು, ನೀರು ಆಳವಾದಷ್ಟೂ ಬೆಳಕಿನ ಕೆಂಪು ಭಾಗ ಹೀರಿಹೋಗಿ ನೀಲಿ ಉಳಿಯುತ್ತದೆ ಎಂದು ನಾನು ಪಕ್ಕದ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ವಿವರಿಸುತ್ತಿದ್ದೆ. ಹಿಂದಿನ ಹಲಗೆಯಲ್ಲಿ ಹೆಂಗಸರು, "ಅದು ಆನಂದ ಬ್ಲೂ, ಆಚೆಗೆ ನವಿಲುಕುತ್ತಿಗೆ, ಇಲ್ಲಿ ಹತ್ತಿರದ್ದು ರಾಮಾ ಗ್ರೀನು, ಬಿಳಿ ಬಾರ್ಡರು" ಎಂದು ಇಡೀ ಲಗೂನನ್ನು ಮಡಿಸಿ ಪೆಟ್ಟಿಗೆಗೆ ಹಾಕಿಕೊಂಡರು. ಮ್ಯಾನೇಜರರು ಕೂಡ ಹಿಂದಕ್ಕೇ ತಿರುಗಿ ಕೂತರು. ಇದೇ ನೀರು ಯಾವಾಗಲೂ ಹೀಗೆ ರೇಷ್ಮೆಯಾಗಿರುವುದಿಲ್ಲ ಎನ್ನುವುದಕ್ಕೆ ದ್ವೀಪದ ಪೂರ್ವದಂಡೆಯಲ್ಲಿ ಹವಳದ ಬಂಡೆಗಳ ರಾಶಿಯೇ ಇದೆ. 1847ರ ಬಿರುಗಾಳಿ ಎತ್ತಿ ಒಗೆದದ್ದಂತೆ. ಅದನ್ನು ನೋಡಿದ ಮೇಲೆ ದೋಣಿಯ ಹುಡುಗರಿಗೆ ನಾನು ಸ್ವಲ್ಪ ಹೆಚ್ಚು ಗೌರವದಿಂದ ನಮಸ್ಕಾರ ಮಾಡಿದೆ.

ಮಾರನೆಯ ದಿನ ಕವರತ್ತಿಯಲ್ಲಿ ನನ್ನ ಪಾಂಡಿತ್ಯಕ್ಕೆ ಕೊನೆಗೂ ಒಬ್ಬ ಶ್ರೋತೃ ಸಿಕ್ಕಿದ. ಅಮೀನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು ಒಂದು ಕಾಲಕ್ಕೆ ಟಿಪ್ಪುವಿನ ಕೈಯಲ್ಲಿದ್ದವು, 1799ರ ನಂತರ ಕಂಪನಿಯವರ ಕೆನರಾ ಜಿಲ್ಲೆಗೆ ಸೇರಿದವು, 1956ರಲ್ಲಿ ಎಲ್ಲ ಕೂಡಿ ಕೇಂದ್ರಾಡಳಿತ ಪ್ರದೇಶವಾಗುವ ತನಕ ಮಂಗಳೂರೇ ಅವಕ್ಕೆ ದೊಡ್ಡಪೇಟೆ ಎಂದು ನಾನು ಎರಡು ದಿನದಿಂದ ಹೇಳುತ್ತಲೇ ಇದ್ದೆ. ಕೋಡುಬಳೆ ಕಡಿಯುವ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಎಳನೀರು ಮಾರುತ್ತಿದ್ದ ಮುದುಕ ಮಾತ್ರ "ಮಂಗಳೂರು?" ಎಂದು ಮುಖ ಅರಳಿಸಿದ. ಅವನು ಅಮೀನಿಯವನಂತೆ. ಅವನಜ್ಜ ಓಡದಲ್ಲಿ ತೆಂಗಿನ ಹುರಿ ಹೇರಿಕೊಂಡು ಬಂದರಿಗೆ ಹೋಗಿ ಅಕ್ಕಿ ತರುತ್ತಿದ್ದನಂತೆ, ಹಾಯಿ ಕಟ್ಟಿಕೊಂಡು, ಗಾಳಿ ನೋಡಿಕೊಂಡು. ಗುಳಿಗೆ ನುಂಗದೆ, ಎಂದು ನಾನೇ ಮನಸ್ಸಿನಲ್ಲಿ ಸೇರಿಸಿಕೊಂಡೆ. ಒಂದು ಎಳನೀರಿಗೆ ಅವನು ದುಡ್ಡು ತೆಗೆದುಕೊಳ್ಳಲಿಲ್ಲ, ಹಳೆಯ ಜಿಲ್ಲೆಯವನೆಂದು.

ಕೊನೆಯ ದ್ವೀಪ ಮಿನಿಕಾಯ್, ತೀರ ದಕ್ಷಿಣಕ್ಕೆ, ಮಾಲ್ಡೀವ್ಸಿನ ಹತ್ತಿರದ ನೆಂಟ; ಭಾಷೆಯೂ ಮಲಯಾಳವಲ್ಲ, ಮಹಲ್. ಟ್ಯೂನಾ ಮೀನು ಬೇಯಿಸಿ ಹೊಗೆಯಲ್ಲಿಟ್ಟು ಒಣಗಿಸಿ ಕೊರಡಿನಂತೆ ಮಾಡಿ ಮಾರುತ್ತಾರೆ; ನಮ್ಮ ತಂಡದ ಸಸ್ಯಾಹಾರಿಗಳು ಅದನ್ನು ಗಂಧದ ಕೊರಡೆಂದು ತಿಳಿದು ಮೂಸಿ ನೋಡಿದರು. ಇಲ್ಲಿ ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ, ಮದುವೆಯಾದ ಗಂಡಸು ಹೆಂಡತಿಯ ಮನೆಯಲ್ಲಿರುತ್ತಾನೆ ಎಂದು ಗೈಡು ಹೇಳಿದಾಗ ನಮ್ಮ ಹೆಂಗಸರಲ್ಲಿ ಒಂದು ಗಂಭೀರ ಮೌನ ನೆಲೆಸಿತು. "ನಮ್ಮ ತುಳುನಾಡಿನ ಅಳಿಯಸಂತಾನವೂ..." ಎಂದು ನಾನು ಬಾಯಿ ತೆರೆದೆ. "ನೀವು ಸುಮ್ಮನಿರಿ, ಅವರು ಹೇಳಲಿ" ಎಂದಳು ನನ್ನಾಕೆ. 1885ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭವನ್ನು ಅವಳು ತುದಿಯ ತನಕ ಹತ್ತಿ ಬಂದಳು. ನಾನು ಮಂಡಿಯ ಸಲಹೆ ಕೇಳಿ ಕೆಳಗೆ ಚಪ್ಪಲಿ ಕಾಯುತ್ತ ಕೂತೆ. ಪಕ್ಕದ ಮನೆಯವರಿಗೆ ಹೇಳಬಹುದು, ಲಕ್ಷವಲ್ಲದಿದ್ದರೂ ಒಂದು ದೀಪವಂತೂ ಇತ್ತು.

ಹೀಗೆ ಮೂರು ದಿನದಲ್ಲಿ ಹತ್ತುವಾಗ ಮೂರು, ಇಳಿಯುವಾಗ ಮೂರು, ಒಟ್ಟು ಆರು ಸಲ ಕೈ ಕೊಟ್ಟೆ, ಒಂದು ಸಲವೂ ಅವರು ಕೈ ಕೊಡಲಿಲ್ಲ. ಐದನೆಯ ಸಲಕ್ಕೆ ನನ್ನ ತೋಳು ತಾನಾಗಿಯೇ ಮುಂದೆ ಚಾಚಿಕೊಳ್ಳುವ ಮಟ್ಟಕ್ಕೆ ಪಳಗಿತ್ತು. ಕೊಚ್ಚಿಗೆ ವಾಪಸು ಬಂದ ಬೆಳಗ್ಗೆ ಹಡಗಿಗೆ ಗಟ್ಟಿಯಾದ ಏಣಿ ಇಟ್ಟಿದ್ದರು, ಎರಡೂ ಕಡೆ ಕೈಪಿಡಿ, ಕೆಳಗೆ ಅಲ್ಲಾಡದ ಸಿಮೆಂಟು ನೆಲ. ಆದರೂ ಕೊನೆಯ ಮೆಟ್ಟಿಲಲ್ಲಿ ನಾನು ಕಣ್ಣು ಅರೆಮುಚ್ಚಿ ಬಲಗೈ ಚಾಚಿ ನಿಂತೆ. ಆಗಲೇ ಇಳಿದು ನಿಂತಿದ್ದ ನನ್ನಾಕೆ ಒಂದು ಕ್ಷಣ ಆ ಕೈಯನ್ನು ನೋಡಿದಳು. ಆಮೇಲೆ ಸೂಟ್‌ಕೇಸು, ಒದ್ದೆ ಟವೆಲ್ಲಿನ ಚೀಲ, ಖಾಲಿ ಡಬ್ಬಿಗಳ ಗಂಟು, ಮೂರನ್ನೂ ಅದಕ್ಕೆ ನೇತುಹಾಕಿ, ಟ್ಯಾಕ್ಸಿ ಹುಡುಕಲು ಹೊರಟಳು.