ಕಡಹಿನಬೈಲಿನ 'ಕಡಹು' ಯಾವುದು?

ನರಸಿಂಹರಾಜಪುರದ ಬಸ್ ನಿಲ್ದಾಣ. ಆಷಾಢದ ಮಳೆ. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದು, 'ಕಡಹಿನಬೈಲು ಅಂದರೆ ಏನರ್ಥ?' ಎಂದು ಕೇಳಿದೆ. ಕೊಡೆ ಕೊಡವುತ್ತ ಅವರೆಂದರು: 'ಅರ್ಥ ಎಂತದು ಮಾರಾಯ್ರೆ, ಅದು ಊರು!'

ಅವರ ಮಾತೇನೂ ತಪ್ಪಲ್ಲ. ನಾವು ನಿಂತಿದ್ದ ಪಟ್ಟಣವೇ 1915ರವರೆಗೆ ಎಡೇಹಳ್ಳಿಯಾಗಿತ್ತು. ಮೈಸೂರಿನ ಯುವರಾಜರ ಹೆಸರು ಬಂದ ಮೇಲೆ ಹಳೆಯ ಹೆಸರಿನ ಅರ್ಥ ಕೇಳುವವರೂ ಇಲ್ಲವಾದರು. ಆದರೆ ಈ ತಾಲ್ಲೂಕಿನ ಕಡಹಿನಬೈಲು ಮಾತ್ರ ತನ್ನ ಹೆಸರನ್ನು ಹಾಗೇ ಉಳಿಸಿಕೊಂಡಿದೆ.

'ಬೈಲು' ಸುಲಭ. ಎರಡು ಗುಡ್ಡಗಳ ನಡುವೆ ಹಳ್ಳದ ಬದಿಗೆ ಹಬ್ಬಿದ ಗದ್ದೆಬಯಲನ್ನು ಮಲೆನಾಡಿಗರು ಕರೆಯುವುದೇ ಹಾಗೆ. ತೊಡಕಿರುವುದು 'ಕಡಹಿ'ನಲ್ಲಿ. ಹೊಳೆ ದಾಟುವ ಜಾಗಕ್ಕೆ ಕರಾವಳಿಯ ಕಡೆ ಕಡವು ಎನ್ನುತ್ತಾರೆ, ತುಳುವಿನಲ್ಲಿ ಕಡಪು. ಹಳಗನ್ನಡದ 'ಕಳಿಪು' ಮುಂದೆ 'ಕಳುಹು' ಆದಂತೆ ಕಡಪು ಕಡಹು ಆಗಬಹುದು. ಹಾಗಾದರೆ ಇದು ದೋಣಿಗಂಡಿಯ ಬೈಲು. ಕೇರಳದಿಂದ ಬಂದು ಈ ತಾಲ್ಲೂಕಿನಲ್ಲಿ ನೆಲೆಸಿದ ಮಲೆಯಾಳಿ ಕುಟುಂಬಗಳ ಕಿವಿಗೂ ಕಡವು ಎಂದರೆ ಹೊಳೆಯ ಕಟ್ಟೆಯೇ. ಇನ್ನು ಕಡವೆ ಬೇಟೆಯ ನೆನಪಿನವರು ಕಡವೆಯ ಬೈಲು ಎನ್ನಬಹುದು. ಆದರೆ ಅದು 'ಕಡವೆಬೈಲು' ಆಗಬೇಕಿತ್ತು. 'ಇನ' ಪ್ರತ್ಯಯ ಅಲ್ಲಿ ಕೂಡದು.

ಮೂರನೆಯದು ಮರ. ಸಂಸ್ಕೃತದ ಕದಂಬಕ್ಕೆ ಕನ್ನಡದಲ್ಲಿ ಕಡಂಬ, ಕಡವ, ಕಡಹ, ಕಡವಾಲ ಎಂದೆಲ್ಲ ರೂಪಗಳಿವೆ. ಕಡಹ ಎಂದಿದ್ದರೆ 'ಕಡಹದಬೈಲು' ಆಗಬೇಕಲ್ಲ ಎಂದು ವ್ಯಾಕರಣ ಬಲ್ಲವರು ತಡೆಯಬಹುದು. ನಿಜ. ಆದರೆ ತಮಿಳು, ಮಲೆಯಾಳಗಳಲ್ಲಿ ಈ ಮರ ಕಡಂಬು. ಹಲಸು ಹಲಸಿನ ಆದಂತೆ ಉಕಾರಾಂತ ಕಡಹು ಕಡಹಿನ ಆಗುತ್ತದೆ.

ದೋಣಿಗಂಡಿಯೋ ಮರವೋ ಎಂದರೆ ನಾನು ಮರದ ಪಕ್ಷ. ಗದ್ದೆಬೈಲಿನ ಹಳ್ಳ ದಾಟಲು ದೋಣಿ ಬೇಡ, ಎರಡು ಮರದ ದಿಮ್ಮಿ ಹಾಕಿದ ಸಂಕ ಸಾಕು. ಕದಂಬಕ್ಕಾದರೋ ಇಂಥ ತೇವದ ತಗ್ಗೇ ಪ್ರೀತಿ.

ಒಂದು ಮರದ ಹೆಸರು ಊರಿಗಷ್ಟೇ ಅಲ್ಲ, ರಾಜ್ಯಕ್ಕೂ ಅಂಟುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಐದನೇ ಶತಮಾನದಲ್ಲಿ ಕವಿ ಕುಬ್ಜ ರಚಿಸಿದ ಶಾಸನವಿದೆ. ಮಯೂರಶರ್ಮನ ಮನೆತನದವರು ತಮ್ಮ ಮನೆಯ ಬಳಿ ಬೆಳೆದ ಕದಂಬವನ್ನು ಪೋಷಿಸಿ ಆ ಹೆಸರು ಪಡೆದರೆಂದು ಅದು ಹೇಳುತ್ತದೆ. ಶಿವನ ಹಣೆಯ ಬೆವರು ಕದಂಬದ ಬುಡಕ್ಕೆ ಬಿದ್ದು ವಂಶ ಹುಟ್ಟಿತೆಂಬ ಕಥೆ ಆಮೇಲಿನದು; ನನಗೆ ಹಿತ್ತಲ ಮರದ ಕಥೆಯೇ ಹೆಚ್ಚು ಇಷ್ಟ. ಅದೇ ಹೆಸರನ್ನು ಹೊತ್ತು ಇಂದು ಗೋವಾದ ಸರ್ಕಾರಿ ಬಸ್ಸುಗಳು ಓಡುತ್ತವೆ, ಕಾರವಾರದಲ್ಲಿ ನೌಕಾನೆಲೆಯಿದೆ.

ವಿಜ್ಞಾನಿಗಳೂ ಈ ಹೆಸರನ್ನು ಬಿಡಲಿಲ್ಲ. ರಾಕ್ಸ್‌ಬರ್ಗ್ 'ನಾಕ್ಲಿಯ ಕಡಂಬ' ಎಂದು ಕರೆದ. ಕುಲದ ಹೆಸರು ಬಹುಕಾಲ ಗೊಂದಲದಲ್ಲಿದ್ದು, 1984ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಬೋಸೆ 'ನಿಯೋಲಮಾರ್ಕಿಯ' ಎಂಬ ಹೊಸ ಹೆಸರು ಕೊಟ್ಟರು. ಮುಂದಿನದು ಬದಲಾಯಿತು, ಹಿಂದಿನ 'ಕಡಂಬ' ಉಳಿಯಿತು.

ಹಿರಿಯರಿಗೆ ಇಷ್ಟೆಲ್ಲ ಹೇಳಲಿಲ್ಲ. ಮಳೆಗಾಲದಲ್ಲಿ ಬೇಸನ್ ಲಾಡಿನಂತೆ ಉರುಟಾದ, ಮೈತುಂಬ ಬಿಳಿ ಸೂಜಿ ಚುಚ್ಚಿದಂತಿರುವ ಹಳದಿ ಹೂ ಬಿಡುವ ಮರ ಎಂದಷ್ಟೇ ಹೇಳಿದೆ. ಅವರ ಮುಖ ಅರಳಿತು.

'ಅದಾ! ಬೆಂಕಿಕಡ್ಡಿ ಮಾಡುವ ಮರ ಅಲ್ವಾ? ರಾತ್ರಿ ಎಂಥಾ ಪರಿಮಳ! ನಮ್ಮ ಹಳ್ಳದ ದಂಡೇಲಿ ಒಂದಿತ್ತು. ಬುಡದಲ್ಲಿ ಹಣ್ಣು ಬಿದ್ದು ಬಾವಲಿಗಳ ಗಲಾಟೆ. ಅಡಿಕೆಗೆ ನೆರಳಾಗ್ತದೆ ಅಂತ ಕಡಿಸಿದೆ.'

ಮೆದು ಮರ, ಕೊಯ್ಯುವವರಿಗೆ ಅರ್ಧ ದಿನದ ಕೆಲಸವೂ ಆಗಲಿಲ್ಲವಂತೆ. ಅಷ್ಟರಲ್ಲಿ ಬಸ್ಸು ಬಂತು. ಮೆಟ್ಟಿಲೇರಿದವರು ತಿರುಗಿ, 'ಅದರ ಸಸಿ ಎಲ್ಲಿಯಾದ್ರೂ ಸಿಕ್ಕುತ್ತದಾ?' ಎಂದು ಕೇಳಿದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ ಎಂದೆ. ಬಸ್ಸು ಹೊರಟಿತು.