ಹಕ್ಕಿಗೆ ಬಿಟ್ಟ ಮರ

ದೋಣಿ ದಡ ಬಿಟ್ಟು ಹತ್ತು ಹುಟ್ಟು ಹಾಕುವಷ್ಟರಲ್ಲಿ ಮಾತು ತಾನಾಗಿ ನಿಂತುಹೋಗುತ್ತದೆ. ರಂಗನತಿಟ್ಟಿಗೆ ಎಷ್ಟು ಸಲ ಹೋದರೂ ನನಗೆ ಹೀಗೇ. ಈ ಸಲ ಮಾರ್ಚ್ ತಿಂಗಳು, ಜೊತೆಗೆ ಎಂಟು ವರ್ಷದ ಮಗಳು. ನೀರು ಇಳಿದು ಬಂಡೆಗಳು ಮೇಲೆದ್ದಿದ್ದವು. ಒಂದು ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ಅದರ ನೆತ್ತಿಯ ಮೇಲೇ ಹೊಳೆಮತ್ತಿಯ ಕೊಂಬೆಗಳಲ್ಲಿ ಗೂಡುಗಳು.

ಅಂಬಿಗ ಹುಟ್ಟು ಎತ್ತಿಹಿಡಿದು, "ಅಲ್ಲಿ ನೋಡವ್ವ, ಬಾಯ್ಕಳಕ" ಅಂದ. ಅದರ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಬಸವನಹುಳುವೇ ಅದರ ಮುಖ್ಯ ಆಹಾರ. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಮೂಡುತ್ತದೆ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಯೊಂದು ರೆಕ್ಕೆಗಳನ್ನು ಅರ್ಧ ಬಿಚ್ಚಿ, ಬಿಸಿಲಿಗೆ ಬೆನ್ನುಕೊಟ್ಟು ನಿಂತಿತ್ತು. ಯಾಕೆ ಹಾಗೆ ನಿಂತಿದೆ ಎಂದು ದುರ್ಬೀನು ಹಿಡಿದು ನೋಡಿದರೆ, ರೆಕ್ಕೆಯ ನೆರಳಿನಲ್ಲಿ ಬೂದಿಬಣ್ಣದ ಎರಡು ಮರಿಗಳು. ನಮ್ಮ ದೋಣಿ ಅಲ್ಲಿದ್ದಷ್ಟು ಹೊತ್ತೂ ಆ ತಾಯಿ ಕದಲಲಿಲ್ಲ.

ಈ ತಿಟ್ಟುಗಳನ್ನು ಯಾರೂ ಹಕ್ಕಿಗೆಂದು ಕಟ್ಟಲಿಲ್ಲ. 1645–48ರ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದರು. ನೀರು ನಿಂತು ನಡುಗಡ್ಡೆಗಳಾದವು, ಹಕ್ಕಿಗಳು ಅವನ್ನು ಮನೆ ಮಾಡಿಕೊಂಡವು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಇದನ್ನು ಕಾಯಬೇಕೆಂದು ಮೈಸೂರು ಅರಸರನ್ನು ಒಪ್ಪಿಸಿದರು. 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಷ್ಟೆಲ್ಲ ಆದರೂ ಪಕ್ಷಿಧಾಮದ ವಿಸ್ತಾರ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ. ಇಷ್ಟು ಸಣ್ಣ ಜಾಗವನ್ನು ನಂಬಿ ಇಷ್ಟೊಂದು ಜೀವ ಕೂತಿದೆ ಎಂದು ನೆನೆದಾಗ ಎದೆ ಭಾರವಾಗುತ್ತದೆ.

ಅಲ್ಲಿಂದ ಕರೀಘಟ್ಟ ಹತ್ತಿದೆವು. ಬೆಟ್ಟ ದೊಡ್ಡದಲ್ಲ, ಆದರೆ ಶ್ರೀನಿವಾಸನ ಗುಡಿಯ ಮುಂದೆ ನಿಂತರೆ ಶ್ರೀರಂಗಪಟ್ಟಣದ ಸೀಮೆಯೆಲ್ಲ ಅಂಗೈಯಲ್ಲಿಟ್ಟಂತೆ ಕಾಣುತ್ತದೆ. ಕೆಳಗೆ ಲೋಕಪಾವನಿ ಬಂದು ಕಾವೇರಿಯನ್ನು ಸೇರುತ್ತಾಳೆ. ಅತ್ತಿತ್ತ ಗದ್ದೆ, ಕಬ್ಬಿನ ತೋಟ. ಬೆಳ್ಳಕ್ಕಿ ಸಾಲೊಂದು ಗದ್ದೆಯಿಂದ ಎದ್ದು ಹೊಳೆಯ ಕಡೆ ಹೋಯಿತು. ಬೆಳೆಗೂ ಹಕ್ಕಿಗೂ ಒಂದೇ ನೀರು ಎಂಬುದನ್ನು ಮಗಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಮಧ್ಯಾಹ್ನ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಇಲ್ಲಿ ಬೇಲಿಯಿಲ್ಲ, ದೋಣಿಯಿಲ್ಲ. ಮನೆಗಳ ನಡುವಿನ ಹುಣಸೆಮರಗಳಲ್ಲೇ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಸಂಸಾರ ಹೂಡುತ್ತವೆ. ಹೆಜ್ಜಾರ್ಲೆಯೊಂದು ಹಾರಿಬಂದು ತುದಿಗೊಂಬೆಗೆ ಇಳಿದಾಗ ಇಡೀ ಮರ ತೂಗಿತು. ಮರಿ ಅದರ ಗಂಟಲಿನೊಳಕ್ಕೇ ತಲೆ ತೂರಿಸಿ ಮೀನು ತಿಂದಿತು. ಮರದಡಿ ಹಿಕ್ಕೆಯ ಘಾಟು. ಆ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಯುವಕರೂ ಈ ಊರಲ್ಲಿದ್ದಾರೆ.

ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯನ್ನು ಮಾತಾಡಿಸಿದೆ. "ಮನೆ ಮಗಳು ಬಾಣಂತನಕ್ಕೆ ಬಂದಂಗೆ ಕಣಪ್ಪ ಇವು. ವಾಸನೆ, ಗಲಾಟೆ ಅಂತ ಮಗಳನ್ನ ಓಡಿಸಕ್ಕಾಯ್ತದಾ?"

ಮಗಳು ಮೇಲೆ ನೋಡುತ್ತಿದ್ದಳು. ಹುಣಸೆ ಹಣ್ಣಾಗುವ ಕಾಲ. ಗೂಡುಗಳ ಸುತ್ತ ಗೊಂಚಲು ಗೊಂಚಲು ಹಣ್ಣು.

"ಅಜ್ಜಿ, ಈ ಹಣ್ಣು ಯಾವಾಗ ಕೀಳ್ತೀರ?"

"ಮರಿ ಹಾರೋಗಂಟ ಮರ ಮುಟ್ಟಲ್ಲ ಮಗಾ."

ಒಂದು ಮರದ ಹುಣಸೆಹಣ್ಣು ಬಡವರ ಮನೆಗೆ ಸಣ್ಣ ದುಡ್ಡಲ್ಲ. ಬೆಳಗಿನಿಂದ ನಾನು ಹಕ್ಕಿ ಎಣಿಸುತ್ತಿದ್ದೆ. ಆ ಸಂಜೆ ಹೊರಡುವ ಮುನ್ನ, ಕೀಳದೆ ಉಳಿದ ಆ ಗೊಂಚಲುಗಳನ್ನೇ ಬಹಳ ಹೊತ್ತು ನೋಡುತ್ತ ನಿಂತೆ.