ಫೇರ್‌ಮಾಂಟ್ ಬೀದಿಯ ಪುಸ್ತಕದಂಗಡಿಗೆ

ಪ್ರೀತಿಯ ಡ್ರಮ್ ಅಂಡ್ ಸ್ಪಿಯರ್,

ನೀನು ಬಾಗಿಲು ಮುಚ್ಚಿದ್ದು 1974ರಲ್ಲಿ. ನಾನು ವಾಷಿಂಗ್ಟನ್ನಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ನಿನ್ನ ಹೊಸ್ತಿಲು ತುಳಿದವನಲ್ಲ. ಆದರೂ ನಮ್ಮ ಬಡಾವಣೆಯ ಪುಸ್ತಕದಂಗಡಿಯಲ್ಲಿ ಇತಿಹಾಸದ ಓದುಬಳಗಕ್ಕೆ ಸೇರಿದಂದಿನಿಂದ ನಿನಗೆ ಬರೆಯಬೇಕೆನ್ನಿಸುತ್ತಿದೆ.

ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು ನಡೆಸುವ ಬಳಗ ಅದು. ಶುಲ್ಕವಿಲ್ಲ, ಪರೀಕ್ಷೆಯಿಲ್ಲ. ಸಂಜೆ ಗಿರಾಕಿಗಳು ಕಡಿಮೆಯಾಗುತ್ತಲೇ ಅಂಗಡಿಯವರು ಗಾಲಿಯ ಕಪಾಟುಗಳನ್ನು ಗೋಡೆಗೆ ಸರಿಸಿ ಮಡಚುವ ಕುರ್ಚಿ ಹಾಕುತ್ತಾರೆ. ಪ್ರೊಫೆಸರಮ್ಮ ಒಂದು ಅಧ್ಯಾಯದ ಜೆರಾಕ್ಸ್ ಹಂಚಿ, ತಾವು ಬಾಯಿ ಬಿಡುವ ಮೊದಲು ಎಲ್ಲರನ್ನೂ ಮಾತಾಡಿಸುತ್ತಾರೆ. ಕಳೆದ ಸಲ 1968ರ ಏಪ್ರಿಲ್ ತಿಂಗಳ ಓದು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ವಾಷಿಂಗ್ಟನ್ನಿನ 14ನೇ ಬೀದಿ ಹೊತ್ತಿ ಉರಿದ ಪುಟ ಬಂದಾಗ ನನ್ನ ಪಕ್ಕದ ಹಿರಿಯರು, ನಿವೃತ್ತ ಬಸ್ ಡ್ರೈವರು, ಹಾಳೆಯನ್ನು ತೊಡೆಯ ಮೇಲಿಟ್ಟು, ಯಾವ ಮೂಲೆಯಲ್ಲಿ ಯಾವ ಅಂಗಡಿ ಇತ್ತೆಂದು ಒಂದೊಂದಾಗಿ ಹೇಳುತ್ತ ಹೋದರು. ಆಮೇಲೆ ತೆರೆದ ಅಂಗಡಿಗಳ ಮಾತಿನಲ್ಲಿ ನಿನ್ನ ಹೆಸರೂ ಬಂತು.

ಆ ಬೆಂಕಿ ಆರಿದ ವರ್ಷವೇ ನೀನು ಹುಟ್ಟಿದೆ. ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಹುಟ್ಟಿ, ಅಟ್ಲಾಂಟಾದಲ್ಲಿ ಕಚೇರಿ ಮಾಡಿಕೊಂಡು ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯಲ್ಲಿ ಪಳಗಿದ ಚಾರ್ಲಿ ಕಾಬ್, ಜೂಡಿ ರಿಚರ್ಡ್ಸನ್ ಮುಂತಾದವರು ನಿನ್ನನ್ನು ಕಟ್ಟಿದರು. ಹತ್ತಿರದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಆ ಮಾರ್ಚಿನಲ್ಲೇ, ನಮ್ಮ ಜನರ ಇತಿಹಾಸ ಕಲಿಸಿ ಎಂದು ಆಡಳಿತ ಕಟ್ಟಡ ಹಿಡಿದು ಕೂತಿದ್ದರು. ಪಠ್ಯ ಬದಲಾಗಲೆಂದು ನೀನು ಕಾಯಲಿಲ್ಲ, ಪುಸ್ತಕ ತರಿಸಿದೆ. ಸಿಗದಿದ್ದನ್ನು ಅಚ್ಚು ಹಾಕಿಸಿದೆ: ಸಿ.ಎಲ್.ಆರ್. ಜೇಮ್ಸ್ 1938ರಲ್ಲಿ ಬರೆದಿದ್ದ ಕಪ್ಪು ಜನರ ದಂಗೆಗಳ ಇತಿಹಾಸ 1969ರಲ್ಲಿ ಹೊಸ ಹೆಸರಿನಲ್ಲಿ ನಿನ್ನ ಪ್ರಕಾಶನದಿಂದಲೇ ಬಂತು. ಎಫ್‌ಬಿಐ ಮುಖ್ಯಸ್ಥ ಹೂವರ್ ಕಪ್ಪು ಜನರ ಇಂಥ ಪುಸ್ತಕದಂಗಡಿಗಳ ಮೇಲೆ ಕಣ್ಣಿಡಲು ಆದೇಶಿಸಿದ. ಬೇಹಿನವರು ನಿನ್ನಲ್ಲಿಗೂ ಬಂದರು. ಪುಸ್ತಕಕ್ಕೆ ಸರ್ಕಾರ ಇಷ್ಟು ಹೆದರಿತೆಂದರೆ ನಿನ್ನ ಕೆಲಸ ಸರಿಯಾಗಿಯೇ ನಡೆದಿತ್ತು.

ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟದ ಮಾತುಕತೆಗಳ ಬಗ್ಗೆ ಕೇಳಿ ಬೆಳೆದವನಿಗೆ ನೀನು ಅಪರಿಚಿತೆಯಲ್ಲ. ಆದರೆ ನಿನ್ನ ಋಣ ಬೇರೆ. ಅಮೆರಿಕದ 1946ರ ವಲಸೆ ಕಾನೂನು ಭಾರತಕ್ಕೆ ಕೊಟ್ಟದ್ದು ವರ್ಷಕ್ಕೆ 100 ಜನರ ಕೋಟಾ. ಆ ಬಾಗಿಲು ಅಗಲವಾಗಿ ತೆರೆದದ್ದು 1965ರಲ್ಲಿ, ನಾಗರಿಕ ಹಕ್ಕು ಕಾಯ್ದೆಯ ಬೆನ್ನಿಗೇ. ಹುಟ್ಟು, ಬಣ್ಣ ನೋಡಿ ಮನುಷ್ಯರನ್ನು ಅಳೆಯಬಾರದೆಂದು ಈ ದೇಶವನ್ನು ಒಪ್ಪಿಸಲು ಬೀದಿಗಿಳಿದು ಪೆಟ್ಟು ತಿಂದವರು ನಿನ್ನನ್ನು ಕಟ್ಟಿದವರು. ನಮ್ಮ ಡಾಕ್ಟರು, ಎಂಜಿನಿಯರುಗಳು ಹಿಂಡುಹಿಂಡಾಗಿ ಬಂದದ್ದು ಆಮೇಲೆ. ರಾಜ್ಯೋತ್ಸವಕ್ಕೆ ಮಕ್ಕಳಿಗೆ ಪುಲಕೇಶಿಯ, ಕೃಷ್ಣದೇವರಾಯನ ವೇಷ ಹಾಕಿಸುತ್ತೇವೆ; ಹಾಕಿಸಲೇಬೇಕು. ನಾವು ಈ ನೆಲದಲ್ಲಿ ಹೇಗೆ ನಿಂತೆವೆಂಬ ಕಥೆಯೂ ಆ ಮಕ್ಕಳಿಗೆ ಗೊತ್ತಿರಬೇಡವೇ?

ಮುಂದಿನ ಓದಿಗೆ ಜೇಮ್ಸ್‌ನ ಆ ಪುಸ್ತಕವೇ ನಿಗದಿಯಾಗಿದೆ. ಈ ಪತ್ರ ಓದುತ್ತಿರುವ ವಾಷಿಂಗ್ಟನ್, ಅಟ್ಲಾಂಟಾ, ಕೆರೊಲಿನಾಗಳ ಕನ್ನಡಿಗರೇ, ನಿಮ್ಮೂರಿನ ಪುಸ್ತಕದಂಗಡಿಯಲ್ಲೂ ಇಂಥ ಬಳಗವಿದೆಯೇ ವಿಚಾರಿಸಿ. ಇದ್ದರೆ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ ನೀವೇ ಶುರು ಮಾಡಿ.

ಇಂತಿ,
ನಿನ್ನ ಓದುಗ